ಅಜ್ಜನ ಹೆಸರಿನ ಮುಂದೆ ‘ಕೈ.’ ಯಾಕೆ?

ಪುಣೆ ಸೊಸೆ:
ಕಳೆದ ವಾರ ನಮ್ಮ ಮಾವನವರು ತೀರಿಕೊಂಡರು. ನಮ್ಮದು ವಿಜಯಪುರ ಕಡೆಯ ಲಿಂಗಾಯತ ಮನೆ, ಈಗ ಕೋಥ್ರೂಡಿನಲ್ಲಿ ಇದ್ದೀವಿ. ಶಿವಗಣಾರಾಧನೆಯ ಕಾರ್ಡನ್ನು ಅಪ್ಪಾ ಬಳವಂತ ಚೌಕದ ಹತ್ತಿರ ಒಂದು ಪ್ರೆಸ್‌ಗೆ ಕೊಟ್ಟಿದ್ದೆ. ಒಂದು ಬದಿ ಮರಾಠಿ, ಇನ್ನೊಂದು ಬದಿ ಕನ್ನಡ. ಪ್ರೂಫ್ ನೋಡಿದರೆ ಕನ್ನಡದಲ್ಲೂ ಮಾವನವರ ಹೆಸರಿನ ಮುಂದೆ ‘ಕೈ.’ ಅಂತಿದೆ! ಮಗ ಓದಿ, "ಅಜ್ಜನ ಕೈಗೆ ಏನಾಗಿತ್ತಮ್ಮಾ? ಹಾರ್ಟ್ ಅಂದಿದ್ದೆಯಲ್ಲ" ಅಂದ. ಇಷ್ಟು ದಿನದಲ್ಲಿ ಮೊದಲ ಸಲ ಮನೆಯಲ್ಲಿ ಎಲ್ಲರೂ ನಕ್ಕೆವು.

ನಗು ಬಾರದ್ದು ಇನ್ನೊಂದಿದೆ. ಅತ್ತೆಯ ಹೆಸರಿನ ಮುಂದೆ ‘ಗಂ. ಭಾ.’ ಹಾಕಿದ್ದಾರೆ. ಮೊನ್ನೆ ಮೊನ್ನೆ ಬಂದ ಮದುವೆ ಕಾರ್ಡಿನಲ್ಲಿ ‘ಸೌ.’ ಇತ್ತು. ಅತ್ತೆ ಎರಡು ಸಲ ಓದಿ ಸುಮ್ನೆ ಮಡಚಿಟ್ಟರು. ಏನು ಹಾಕಿಸಲಿ?

ಸೋಲಾಪುರದವ:
ಅಕ್ಕಾ, ಅದು ಕೈಲಾಸವಾಸಿ. ಮರಾಠಿಯಲ್ಲಿ ಸಾಮಾನ್ಯ. ಮುಸ್ಲಿಮರಿಗೆ ಪೈಗಂಬರವಾಸಿ, ಕ್ರೈಸ್ತರಿಗೆ ಖ್ರಿಸ್ತವಾಸಿ ಅಂತಲೂ ಬರೆಯುತ್ತಾರೆ. ಪುಣೆಯಲ್ಲಿ ಬಾಡಿಗೆ ಮನೆ ಸಿಗದಿದ್ದರೂ ಹೋದಮೇಲೆ ಎಲ್ಲರಿಗೂ ಒಂದು ವಾಸ ಇದೆ ನೋಡಿ. ಕನ್ನಡ ಬದಿಗೆ ‘ಲಿಂ.’ ಹಾಕಿಸಿ, ಲಿಂಗೈಕ್ಯ. ಇಲ್ಲವೇ ‘ದಿ.’

ಡೊಂಬಿವಲಿ ಭಟ್ಟ:
ನಮ್ಮಲ್ಲಿ ವೈಕುಂಠವಾಸಿ. ಆದರೆ ನಮ್ಮ ಕಟ್ಟಡದಲ್ಲಿ ಎಲ್ಲರದೂ ಒಂದೇ ಮಾತು. ಹೊಸದಾಗಿ ಬಂದಾಗ ಮೇಲಿನ ಮನೆಯವರು "ಬಾಬಾ ಆಫ್ ಝಾಲೇ" ಅಂದರು. ನಾನು ಪಂಪ್ ಆಫ್ ಆಗಿದೆ ಅಂದುಕೊಂಡು ವಾಚ್‌ಮನ್‌ಗೆ ಫೋನ್ ಮಾಡಿದೆ. ಅವರು ಹೇಳಿದ್ದು ಅಪ್ಪ ತೀರಿಕೊಂಡರು ಅಂತ! ಇವತ್ತಿಗೂ ಅವರ ಮುಖ ನೋಡಲು ನಾಚಿಕೆ.

ಬೆಳಗಾವಿ ಮಾವಶಿ:
‘ಗಂ. ಭಾ.’ ಅಂದರೆ ಗಂಗಾ ಭಾಗೀರಥಿ, ವಿಧವೆಗೆ ಹಾಕುವುದು. ತೆಗೆಸು ಮಗಳೇ. 2023ರಲ್ಲಿ ಮಹಾರಾಷ್ಟ್ರದ ಮಂತ್ರಿಯೊಬ್ಬರು ವಿಧವೆ ಅನ್ನುವ ಬದಲು ಇದನ್ನೇ ಬಳಸೋಣ ಅಂದಾಗ ಎಷ್ಟು ಗಲಾಟೆಯಾಯಿತು! ಬಳೆ ಒಡೆಯಿತು ಅನ್ನಬಾರದು ಅಂತ ನಾವು ‘ಹೆಚ್ಚಿತು’ ಅಂತೀವಿ, ಮರಾಠಿಯವರು ‘ವಾಢವಲೀ’ ಅಂತಾರೆ, ಎರಡೂ ಒಂದೇ. ಬಳೆಯ ವಿಷಯದಲ್ಲಿ ಇಷ್ಟು ನಾಜೂಕು. ಆದರೆ ಗಂಡ ಹೋದ ವಾರವೇ ಹೆಂಗಸಿನ ಹೆಸರಿಗೆ ಹೊಸ ಚೀಟಿ ಅಂಟಿಸಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ‘ಶ್ರೀಮತಿ’ ಸಾಕು. ಅದಕ್ಕೂ ಮೊದಲು ಅವರನ್ನೇ ಕೇಳು, ಅಲ್ವಾ?

ಪುಣೆ ಸೊಸೆ:
ಕೇಳಿದೆ ಮಾವಶಿ. "ಬರೇ ಹೆಸರು ಹಾಕಸು, ಮುಂದ ಏನೂ ಬ್ಯಾಡ" ಅಂದರು. ಮಾವನವರಿಗೆ ‘ಲಿಂ.’ ಆಯಿತು. ಈ ಎರಡು ತಿದ್ದುಪಡಿಗೆ ಪ್ರೆಸ್‌ನವರು 300 ರೂಪಾಯಿ ಜಾಸ್ತಿ ಕೇಳ್ತಿದ್ದಾರೆ.