ದಿನಾ ಚಿತ್ರ ಬಿಡಿಸೋ ಅಭ್ಯಾಸ ಮಳೆಗಾಲಕ್ಕೆ ನಿಂತೇ ಹೋಗ್ತದೆ, ಎಂತ ಮಾಡದು?

ಮಂಡಗದ್ದೆ_ಹಕ್ಕಿ:

ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕಡೆ, ಮನೆ ತೋಟ ಕೊಟ್ಟಿಗೆ ಎಲ್ಲ ಇದೆ, ಮಕ್ಕಳಿಬ್ರೂ ಸ್ಕೂಲಿಗೆ ಹೋಗ್ತಾರೆ. ನಾನು ಹೈಸ್ಕೂಲಲ್ಲಿ ಇದ್ದಾಗ ಚೆನ್ನಾಗಿ ಚಿತ್ರ ಬಿಡಿಸ್ತಿದ್ದೆ, ಡ್ರಾಯಿಂಗ್ ಲೋವರ್ ಗ್ರೇಡ್ ಪಾಸಾಗಿತ್ತು, ಆಮೇಲೆ ಮದ್ವೆ ಆಗಿ ಹದಿನಾಲ್ಕು ವರ್ಷ ಪೆನ್ಸಿಲ್ ಮುಟ್ಟಿರ್ಲಿಲ್ಲ. ಎರಡು ವರ್ಷದಿಂದ ಮತ್ತೆ ಶುರು ಮಾಡ್ಬೇಕು ಅಂತ ಹಟ ಹಿಡ್ಕೊಂಡಿದೀನಿ, ಮೂರು ಸಲ ಶುರು ಮಾಡಿದೆ, ಮೂರು ಸಲವೂ ಹದಿನೈದು ಇಪ್ಪತ್ತು ದಿನಕ್ಕೆ ನಿಂತೋಯ್ತು.

ಒಂದು ಸಲ ಅಡಿಕೆ ಕೊಯ್ಲು ಬಂತು, ಸುಲಿಯೋದು ಬೇಯ್ಸೋದು ಅಂತ ರಾತ್ರಿ ಹನ್ನೊಂದಾಗ್ತಿತ್ತು. ಎರಡನೇ ಸಲ ನನ್ನದೇ ತಪ್ಪು, ಫೋನಲ್ಲಿ ಬೇರೆಯವ್ರು ಹಾಕಿದ ಚಿತ್ರ ನೋಡಿ ನೋಡಿ ನಂದು ಯಾವುದೂ ಸರಿ ಇಲ್ಲ ಅನ್ನಿಸೋಕೆ ಶುರುವಾಯ್ತು. ಈ ಸಲ ಮಳೆ. ಒಳ್ಳೆ ಜಲವರ್ಣದ ಪುಸ್ತಕ ಶಿವಮೊಗ್ಗದಿಂದ ತರಿಸಿದ್ದೆ, ಆರಿದ್ರಾ ಮಳೆ ಹಿಡೀತಲ್ಲ, ಹತ್ತು ದಿನ ಬಿಟ್ಟು ತೆಗೆದು ನೋಡ್ತೀನಿ, ಪುಟದ ಅಂಚಿಗೆಲ್ಲ ಬೂದಿ ಬಣ್ಣದ ಚುಕ್ಕೆ ಚುಕ್ಕೆ, ಬೂಷ್ಟು. ಮೂಸಿದ್ರೆ ಹಳೇ ಕಂಬಳಿ ವಾಸನೆ. ಖಾಲಿ ಪುಟಕ್ಕೆ ಬಣ್ಣ ಹಚ್ಚಿದ್ರೆ ಒಂದ್ಕಡೆ ಹೀರ್ಕೊಳ್ತದೆ ಒಂದ್ಕಡೆ ಮೇಲೇ ನಿಲ್ತದೆ. ಆವತ್ತು ನಿಜವಾಗ್ಲೂ ಅಳು ಬಂತು.

ನನಗೆ ಕಲಾವಿದೆ ಅನ್ನಿಸ್ಕೊಳ್ಳೋ ಆಸೆ ಏನಿಲ್ಲ. ದಿನಕ್ಕೆ ಅರ್ಧ ಗಂಟೆ ನಂದು ಅಂತ ಒಂದು ಇರ್ಲಿ ಅಷ್ಟೆ. ನಿಮ್ಮಲ್ಲಿ ಯಾರಾದ್ರೂ ವರ್ಷಗಟ್ಲೆ ಬಿಡದೆ ಮಾಡ್ತಿರೋರು ಇದ್ರೆ ಹೇಗೆ ಮಾಡ್ತೀರಿ ಹೇಳ್ತೀರಾ? ಪುಸ್ತಕಕ್ಕೆ ಏನಾದ್ರೂ ಉಪಾಯ ಇದ್ರೆ ಅದನ್ನೂ ಹೇಳಿ.

ಹುಲಿಕಲ್_ಮಳೆ:

ಅಕ್ಕ, ಮೊದ್ಲು ಪುಸ್ತಕದ ವಿಷಯ ಹೇಳ್ತೀನಿ. ನಾನು ಹೊಸನಗರದವ, ಇದೇ ಪಾಡು ಪಟ್ಟಿದೀನಿ. ಜಲವರ್ಣದ ಕಾಗದಕ್ಕೆ ಬಣ್ಣ ಒಮ್ಮೆಲೇ ಹೀರದಿರ್ಲಿ ಅಂತ ಅಂಟಿನ ಥರದ್ದೊಂದು ಲೇಪ ಕೊಟ್ಟಿರ್ತಾರೆ, ಬೂಷ್ಟು ತಿನ್ನೋದು ಅದನ್ನೇ. ಲೇಪ ಹೋದ ಜಾಗದಲ್ಲಿ ಬಣ್ಣ ಚುಕ್ಕೆ ಚುಕ್ಕೆ ಆಗಿ ಇಳಿಯೋದು ಅದಕ್ಕೇ. ಆ ಪುಟಗಳು ಇನ್ನು ಬಣ್ಣಕ್ಕೆ ಬರಲ್ಲ, ಬಿಸ್ಲು ಬಂದಾಗ ಹೊರಗಡೆ ಒಣಗಿಸಿ ಒಣ ಬ್ರಷ್ಷಲ್ಲಿ ಬೂಷ್ಟು ಒರೆಸಿ ಪೆನ್ಸಿಲ್ಲಿಗೆ ಇಟ್ಕೊಳ್ಳಿ, ಎಸೀಬೇಡಿ. ಒರೆಸುವಾಗ ಮೂಗಿಗೆ ಬಟ್ಟೆ ಕಟ್ಕೊಳ್ಳಿ.

ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಬೀಳ್ತದೆ, ನಮ್ಮ ಕಡೆಯೂ ಜೂನಿಂದ ಸೆಪ್ಟೆಂಬರ್ ತನಕ ಗೋಡೆನೇ ಬೆವರ್ತದೆ, ಕಾಗದ ಬಿಡ್ತದಾ? ಹೊಸ ಪುಸ್ತಕ ತಂದ್ರೆ ಬೀರುವಲ್ಲಿ ಇಡ್ಬೇಡಿ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಲಿ ಹಾಕಿ, ಚಪ್ಪಲಿ ಬ್ಯಾಗು ತಗೊಂಡಾಗ ಒಳಗೆ ಸಿಗೋ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಜೊತೆಗೆ ಹಾಕಿ ಇಡಿ. ಇಲ್ಲ ಅಂದ್ರೆ ಒಲೆ ಮೇಲಿನ ಅಟ್ಟ, ನಮ್ಮಜ್ಜಿ ಬೀಜ ಹಪ್ಪಳ ಎಲ್ಲ ಮಳೆಗಾಲ ದಾಟಿಸ್ತಿದ್ದ ಜಾಗ. ನಾನು ಮಳೆಗಾಲದಲ್ಲಿ ಜಲವರ್ಣನೇ ಮುಟ್ಟಲ್ಲ. ಪೆನ್ಸಿಲ್ಲು ಅಥವಾ ಬಾಲ್ ಪೆನ್. ಬಾಲ್ ಪೆನ್ನಿನ ಇಂಕು ಎಣ್ಣೆಯದ್ದು, ತೇವಕ್ಕೆ ಹರಡಲ್ಲ. ಜೆಲ್ ಪೆನ್ ಬೇಡ, ಒದ್ದೆ ಕೈ ತಾಗಿದ್ರೆ ಎಲ್ಲ ಕಲಸಿ ಹೋಗ್ತದೆ.

ಡ್ರಾಯಿಂಗ್_ಮೇಷ್ಟ್ರು:

ತಂಗಿ, ನಾನು ಶಿವಮೊಗ್ಗದಲ್ಲಿ ಇಪ್ಪತ್ತಾರು ವರ್ಷ ಡ್ರಾಯಿಂಗ್ ಪಾಠ ಮಾಡಿ ರಿಟೈರ್ ಆದವನು. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ, ದಿನಾ ಚಿತ್ರ ಬಿಡಿಸೋದು ಅಂದ್ರೆ ದಿನಾ ಒಂದು ಚಿತ್ರ ಮುಗಿಸೋದಲ್ಲ. ನೀವು ಅರ್ಧ ಗಂಟೆ ಅಂದ್ಕೊಂಡಿದೀರಿ, ಅರ್ಧ ಗಂಟೆ ಸಿಗದ ದಿನ ಪುಸ್ತಕವೇ ತೆಗೆಯಲ್ಲ, ಎರಡು ದಿನ ತೆಗೆಯದಿದ್ರೆ ಮೂರನೇ ದಿನ ತಪ್ಪು ಮಾಡಿದ ಹಾಗೆ ಅನ್ನಿಸ್ತದೆ, ಅಲ್ಲಿಗೆ ನಿಂತೋಗ್ತದೆ. ಹತ್ತು ನಿಮಿಷಕ್ಕೆ ಇಳಿಸಿ.

ನಾನು ಮಾಡಿದ್ದು ಹೇಳ್ತೀನಿ. ರಿಟೈರ್ ಆದ ವರ್ಷ ಕೈ ಪೂರ್ತಿ ಜಡ್ಡು ಹಿಡಿದಿತ್ತು, ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರ್ಸೋದೇ ಆಗಿತ್ತೇ ಹೊರತು ನನಗೆ ಅಂತ ಬಿಡಿಸಿದ್ದು ಇರ್ಲೇ ಇಲ್ಲ. ನಮ್ಮನೆ ಬಚ್ಚಲಲ್ಲಿ ತಾಮ್ರದ ಹಂಡೆ ಇದೆ, ಬೆಳಗ್ಗೆ ನೀರು ಕಾಯೋ ತನಕ ಹೇಗೂ ಒಲೆ ಮುಂದೆ ಕೂರಬೇಕು, ಅಲ್ಲೇ ಒಂದು ಪುಸ್ತಕ, ದಾರ ಕಟ್ಟಿದ ಪೆನ್ಸಿಲ್ಲು ಮೊಳೆಗೆ ನೇತು ಹಾಕಿದೆ. ದಿನಾ ಅದೇ ಹಂಡೆ. ಮೊದ್ಲ ವಾರ ಬಾಯಿಯ ಅಂಡಾಕಾರವೇ ಸರಿ ಬರ್ತಿರ್ಲಿಲ್ಲ, ಎರಡು ತುದಿ ಚೂಪಾಗಿ ಎಲೆ ಥರ ಆಗ್ತಿತ್ತು. ಹನ್ನೆರಡನೇ ದಿನವೋ ಏನೋ ಗೊತ್ತಾಯ್ತು, ತುದಿಯಲ್ಲೂ ಗೆರೆ ತಿರುಗ್ಬೇಕು, ಎಲ್ಲೂ ಮೂಲೆ ಆಗಬಾರದು, ಮತ್ತೆ ನಾನು ಮಣೆ ಮೇಲೆ ಕೂತ್ರೆ ಆ ಬಾಯಿ ಕಿರಿದಾಗ್ತದೆ, ನಿಂತು ನೋಡಿದ್ರೆ ಅಗಲ ಆಗ್ತದೆ. ಇದನ್ನೇ ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದ್ದೆ, ಆದ್ರೆ ಕೈಗೆ ಇಳಿದಿದ್ದು ಆವತ್ತು. ತಿಂಗಳು ಕಳೆದ ಮೇಲೆ ಹಂಡೆಯ ಕಪ್ಪು ಹಿಡಿದ ತಳದಲ್ಲಿ ಬೆಂಕಿಯ ಕೆಂಪು ಎಷ್ಟು ದೂರ ಏರ್ತದೆ ಅನ್ನೋದು ಕಾಣೋಕೆ ಶುರುವಾಯ್ತು. ಏನು ಬಿಡಿಸ್ಲಿ ಅಂತ ಹುಡುಕೋದ್ರಲ್ಲೇ ಅರ್ಧ ಶಕ್ತಿ ಹೋಗ್ತದೆ, ವಸ್ತು ಒಂದೇ ಇಟ್ಕೊಂಡ್ರೆ ಆ ಗೋಳಿಲ್ಲ.

ಇನ್ನೊಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನ ಇಟ್ಕೊಂಡು ಅಭ್ಯಾಸ ಹೇಗೆ ಕೂರ್ತದೆ ಅಂತ 12 ವಾರ ನೋಡಿದ್ರು, 2010ರಲ್ಲಿ ಅಚ್ಚಾಗಿದೆ. 21 ದಿನ ಅಂತ ಜನ ಹೇಳ್ತಾರಲ್ಲ, ಅದು ಹಂಗಲ್ಲ. ಸರಾಸರಿ ಲೆಕ್ಕ 66 ದಿನ ಬಂತು, ಒಬ್ಬೊಬ್ಬರದ್ದು ಮುಂದಕ್ಕೆ ಅಂದಾಜು ಲೆಕ್ಕ ಹಾಕಿದ್ರೆ 18ರಿಂದ 254 ದಿನದ ತನಕ. ನೀರು ಕುಡಿಯೋ ಥರದ ಸಣ್ಣದು ಬೇಗ ಕೂತ್ಕೊಳ್ತು, ವ್ಯಾಯಾಮದಂಥದು ತಡ. ಅದರಲ್ಲಿ ನನಗೆ ಮುಖ್ಯ ಅನ್ಸಿದ್ದು ಏನಂದ್ರೆ, ನಡುವೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಕೂರೋದಕ್ಕೆ ಅಂಥಾ ಪೆಟ್ಟೇನೂ ಬೀಳಲ್ಲ. ನೀವು ಮೂರು ಸಲವೂ ನಿಲ್ಲಿಸಿದ್ದು 20 ದಿನಕ್ಕೆ, ಕೂತ್ಕೊಳ್ಳೋಕೆ ಇನ್ನೂ ಟೈಮೇ ಕೊಟ್ಟಿಲ್ಲ.

ಕೋಟೆ_ರಸ್ತೆ:

ಮೇಷ್ಟ್ರು ಹೇಳಿದ್ದು ಒಪ್ತೀನಿ ಆದ್ರೆ ಎಲ್ರಿಗೂ ದಿನಾ ಅನ್ನೋದು ಆಗಲ್ಲ ಸರ್. ನಾನು ಕೆಲ್ಸಕ್ಕೆ ಹೋಗೋಳು, ವಾರದಲ್ಲಿ ಐದು ದಿನ ಲೆಕ್ಕ ಪತ್ರದಲ್ಲೇ ತಲೆ ಕೆಟ್ಟಿರ್ತದೆ. ನಾವು ನಾಲ್ಕು ಜನ ಭಾನುವಾರ ಬೆಳಗ್ಗೆ ಏಳಕ್ಕೆ ಎಲ್ಲಾದ್ರೂ ಕೂತು ಬಿಡಿಸ್ತೀವಿ, ಶಿವಪ್ಪ ನಾಯಕನ ಅರಮನೆ ಅಂಗಳದ ಕಲ್ಲುಗಳು, ಗಾಂಧಿ ಬಜಾರು, ಒಂದೊಂದ್ಸಲ ಕೂಡ್ಲಿಗೆ ಹೋಗಿ ತುಂಗೆ ಭದ್ರೆ ಸೇರೋ ಜಾಗ. ಹೀಗೆ ಜಾಗದಲ್ಲೇ ಕೂತು ಬಿಡಿಸೋರ ಗುಂಪು ಅರ್ಬನ್ ಸ್ಕೆಚರ್ಸ್ ಅಂತ 2007ರಲ್ಲಿ ಶುರುವಾಗಿ ಈಗ ಪ್ರಪಂಚದ ಎಷ್ಟೋ ಊರಲ್ಲಿದೆ, ಅದನ್ನ ನೋಡಿಯೇ ನಾವು ಕೂತಿದ್ದು. ಇನ್ನೊಬ್ರು ಕಾಯ್ತಿರ್ತಾರೆ ಅಂದ್ರೆ ಹಾಸಿಗೆಯಿಂದ ಏಳ್ತೀವಿ. ಅಕ್ಕ ನಿಮ್ಮೂರಲ್ಲಿ ಜೊತೆಗೆ ಒಬ್ರು ಸಿಕ್ತಾರಾ ನೋಡಿ, ಮಕ್ಕಳಾದ್ರೂ ಸರಿ. ಫೋನಲ್ಲಿ ಹಾಕೋದು ಮಾತ್ರ ಒಂದು ವರ್ಷ ಬಿಟ್ಬಿಡಿ, ಇದನ್ನ ಕೈ ಮುಗಿದು ಹೇಳ್ತಿದೀನಿ, ನಾನೂ ಅದ್ರಿಂದಲೇ ಎರಡು ವರ್ಷ ಕಳ್ಕೊಂಡೆ.

ಸೊರಬದ_ಸೊಸೆ:

ಎಲ್ರೂ ಪುಸ್ತಕ ಪೆನ್ಸಿಲ್ಲು ಅಂತಿದೀರಿ, ನನಗೆ ನಮ್ಮತ್ತೆ ನೆನಪಾದ್ರು. ನಾವು ದೀವರ ಜನ. ನಮ್ಮತ್ತೆಗೆ ಓದು ಬರಹ ಇಲ್ಲ, ಆದ್ರೆ ಹಸೆ, ಅಂದ್ರೆ ಗೋಡೆ ಚಿತ್ತಾರ, ಬರೆಯೋದ್ರಲ್ಲಿ ಸುತ್ತ ನಾಲ್ಕೂರಿಗೆ ಹೆಸ್ರು. ಮದ್ವೆ ಮನೆ ಗೋಡೆಗೆ ಕೆಮ್ಮಣ್ಣು ಬಳಿದು ಅದ್ರ ಮೇಲೆ ಬರೀತಾರಲ್ಲ, ಬಿಳಿಗೆ ಅಕ್ಕಿ ನೆನೆಸಿ ಅರೆದಿದ್ದು, ಕಪ್ಪಿಗೆ ಅಕ್ಕಿನೇ ಕರಿ ಆಗೋ ತನಕ ಹುರಿದು ಅರೆದಿದ್ದು, ಹಳದಿಗೆ ಗುರಿಗೆ ಕಾಯಿ. ಬ್ರಷ್ಷು ಅಂದ್ರೆ ಪುಂಡಿ ನಾರು. ನಾರಿನ ತುದಿ ಜಜ್ಜಿ ಜಜ್ಜಿ ಎಷ್ಟು ಸಣ್ಣ ಮಾಡ್ತಾರೆ ಅಂದ್ರೆ ಎಳೆ ಎಳೆಗೂ ನಡುವೆ ಇರೋ ಜಾಗ ಒಂದೇ ಸಮ, ಸ್ಕೇಲಿಲ್ಲ ಏನಿಲ್ಲ.

ನಾನು ಮದ್ವೆ ಆಗಿ ಬಂದಾಗ ಕೇಳಿದ್ದೆ, ಅತ್ತೆ ಇದು ಹೇಗೆ ಕೈ ನಡುಗಲ್ಲ ಅಂತ. ಅವ್ರು ಎಂತದೂ ಹೇಳ್ಲಿಲ್ಲ, ಒಂದು ಹಳೇ ಮೊರ ಕೊಟ್ರು, ಸಗಣಿ ಕೆಮ್ಮಣ್ಣು ಹಚ್ಚಿ ಒಣಗ್ಸಿದ್ರು, ಸೂಜಿಮಲ್ಲಿಗೆ ಒಂದೇ ಒಂದು ನಮೂನೆ ತೋರ್ಸಿ ಇದನ್ನ ತುಂಬ್ಸು ಅಂದ್ರು. ತುಂಬಿದ ಮೇಲೆ ಮತ್ತೆ ಕೆಮ್ಮಣ್ಣು ಬಳಿದ್ರು, ಎಲ್ಲ ಮುಚ್ಚಿ ಹೋಯ್ತು. ಮರುದಿನ ಮತ್ತೆ ಬರಿ ಅಂದ್ರು. ಆವತ್ತು ನಂಗೆ ಸಿಟ್ಟು ಬಂದಿತ್ತು ನಿಜ ಹೇಳ್ಬೇಕು ಅಂದ್ರೆ, ಅಷ್ಟು ಕಷ್ಟ ಪಟ್ಟಿದ್ದು ಅಳಿಸಿಬಿಟ್ರಲ್ಲ ಅಂತ. ಹತ್ತು ಹದಿನೈದು ಸಲ ಆದ್ಮೇಲೆ ಸಿಟ್ಟು ಹೋಯ್ತು, ಇದು ಉಳಿಯಲ್ಲ ಅಂತ ಗೊತ್ತಿದ್ದಕ್ಕೇ ಕೈ ಹಗುರ ಆಯ್ತು. ಅಕ್ಕ ನಿಮ್ಮ ಪುಸ್ತಕದ ಕಾಗದ ದುಬಾರಿ ಆಗಿರೋದೂ ಒಂದು ತೊಂದ್ರೆ ಅಂತ ನಂಗೆ ಅನ್ಸೋದು, ಹಾಳಾದೀತು ಅನ್ನೋ ಹೆದರಿಕೆಲಿ ಗೆರೆ ಬರಲ್ಲ. ಮಕ್ಕಳ ಹಳೇ ನೋಟ್ಸಿನ ಖಾಲಿ ಪುಟ ಸಾಕು.

ಕೊಯ್ಲು ಬಂತು ಬಿಟ್ಟೋಯ್ತು ಅಂದ್ರಲ್ಲ, ನಮ್ಮಲ್ಲಿ ಭೂಮಿತಾಯಿ ಪೂಜೆ ಮಾಡೋ ಭೂಮಿ ಹುಣ್ಣಿಮೆ ಬರೋದೇ ಗದ್ದೆ ಹೊಡೆ ಆಗಿ ತೆನೆ ಬರೋ ಟೈಮಿಗೆ, ಕೆಲ್ಸ ಇಲ್ಲ ಅನ್ನೋ ದಿನವೇ ಇಲ್ಲ. ಆದ್ರೂ ನವರಾತ್ರಿ ಮುಗೀತಿದ್ದ ಹಾಗೆ ಬುಟ್ಟಿ ಅಟ್ಟದಿಂದ ಇಳೀತದೆ. ಭೂಮಣ್ಣಿ ಬುಟ್ಟಿ, ಒಂದು ದೊಡ್ದು ಒಂದು ಸಣ್ದು. ರಾತ್ರಿ ಊಟ ಆದ್ಮೇಲೆ ಚಿಮಣಿ ಕಾಲದಿಂದ್ಲೂ ಅಷ್ಟಷ್ಟೇ ಬರೀತಾ ಹೋಗೋದು, ಒಂದಿನ ಭತ್ತದ ಸಸಿ, ಒಂದಿನ ಅಡಿಕೆ ಮರ ಏಣಿ, ಇನ್ನೊಂದಿನ ಗಾಡಿ. ಹುಣ್ಣಿಮೆ ಬೆಳಗಿನ ಜಾವಕ್ಕೆ ಗದ್ದೆಗೆ ಬೀರೋ ಚರಗದ ಅಡುಗೆ ತುಂಬ್ಕೊಂಡು ಬುಟ್ಟಿ ಗದ್ದೆಗೆ ಹೋಗ್ಲೇಬೇಕಲ್ಲ, ಮುಗೀಲೇಬೇಕು. ಅತ್ತೆ ಕಣ್ಣು ಮಂಜಾದ ವರ್ಷವೂ ಬಿಡ್ಲಿಲ್ಲ, ಬೆರಳಲ್ಲಿ ಸವರಿ ಸವರಿ ಎಳೆ ಎಲ್ಲಿದೆ ಅಂತ ನೋಡ್ಕೊಂಡು ಬರೆದ್ರು, ಆ ಬುಟ್ಟಿ ಇವತ್ತಿಗೂ ಇದೆ, ಎಳೆ ಓರೆ ಆಗಿವೆ, ನಾನು ಅದ್ರ ಮೇಲೆ ಕೆಮ್ಮಣ್ಣು ಬಳಿಯೋಕೆ ಬಿಟ್ಟಿಲ್ಲ.

ಮಂಡಗದ್ದೆ_ಹಕ್ಕಿ:

ಸೊರಬದ ಅಕ್ಕ ನಿಮ್ಮತ್ತೆ ವಿಷಯ ಓದಿ ಮಾತೇ ಹೊರಡ್ಲಿಲ್ಲ. ನಮ್ಮಮ್ಮ ದಿನಾ ಹೊಸ್ತಿಲಿಗೆ ರಂಗೋಲಿ ಹಾಕ್ತಿದ್ರು, ಸಂಜೆಗೆ ದನದ ಕಾಲಿಗೆ ಅಳಿಸಿ ಹೋಗಿರ್ತಿತ್ತು, ಒಂದಿನವೂ ಅದಕ್ಕೆ ಬೇಜಾರು ಮಾಡ್ಕೊಂಡಿದ್ದು ನೋಡಿಲ್ಲ. ನಾನೂ ಹಾಕ್ತೀನಿ, ಅದನ್ನ ಚಿತ್ರ ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ.

ಮೇಷ್ಟ್ರೆ ನಮ್ಮಲ್ಲೂ ಬಚ್ಚಲೊಲೆ ಇದೆ, ಆದ್ರೆ ಬೆಳಗ್ಗೆ ನಂಗೆ ಆಗಲ್ಲ, ಹಾಲು ಕರೀಬೇಕು ಡೈರಿಗೆ ಕೊಡ್ಬೇಕು ಡಬ್ಬಿ ಕಟ್ಬೇಕು. ಮಧ್ಯಾಹ್ನ ಊಟ ಆಗಿ ಎಲ್ರೂ ಮಲಗಿದಾಗ ಹತ್ತು ನಿಮಿಷ ಸಿಕ್ತದೆ. ಜಗಲಿ ಗೋಡೆಗೆ ಮಾವನವ್ರ ಗೊರಬು, ಮಳೇಲಿ ತಲೆ ಬೆನ್ನು ಮುಚ್ಚೋಕೆ ಹಾಕೋ ಒಣ ಎಲೆಯದ್ದು, ನೇತಾಡ್ತಿರ್ತದೆ, ಬಿಡಿಸೋಕೆ ಅದನ್ನೇ ಹಿಡ್ಕೊಳ್ತೀನಿ. ಬಣ್ಣ ಮಾತ್ರ ತುಂಬಾ ಇಷ್ಟ ನಂಗೆ, ನಾಲ್ಕು ತಿಂಗಳು ಪೂರ್ತಿ ಬಿಟ್ಟಿರ್ಬೇಕಾ?

ಭೀಮನಕೋಣೆ_ದಾರಿ:

ಬಿಡೋದು ಯಾಕೆ, ನಿಮ್ಮನೇಲೇ ಬಣ್ಣ ಇದೆಯಲ್ಲ. ಅಡಿಕೆ ಬೇಯಿಸಿದ ಚೊಗರು ಹೋದ ವರ್ಷದ್ದು ಡ್ರಮ್ಮಲ್ಲೋ ಮಡಕೆಲೋ ಇಟ್ಟಿರ್ತೀರಿ ಈ ಸಲದ ಅಡಿಕೆಗೆ ಬಣ್ಣ ಬರ್ಲಿ ಅಂತ. ಒಂದು ಚಮಚ ತಗೊಳ್ಳಿ. ನಮ್ಮ ಹೆಗ್ಗೋಡು ಕಡೆ ಕೈಮಗ್ಗದ ಚರಕ ಸಂಘದವ್ರು ಸೀರೆ ಬಟ್ಟೆಗೆ ಇದ್ರಲ್ಲೂ ಬಣ್ಣ ಹಾಕ್ತಾರೆ, ಕಾಗದಕ್ಕೂ ಚೆನ್ನಾಗಿ ಹಿಡೀತದೆ.

ಮಾಡೋ ಕ್ರಮ ಹೇಳ್ತೀನಿ. ಗಟ್ಟಿ ಚೊಗರು ಹಾಗೇ ಹಚ್ಚಿದ್ರೆ ಅಂಟಂಟಾಗಿ ಪುಟಕ್ಕೆ ಪುಟ ಹಿಡ್ಕೊಳ್ತದೆ, ಹಾಗಾಗಿ ಬಿಸಿನೀರಲ್ಲಿ ಕದಡಿ ತೆಳು ಬಟ್ಟೇಲಿ ಸೋಸಿ. ಮೊದಲ ಸಲ ಹಚ್ಚಿದಾಗ ತಿಳಿ ಟೀ ಥರ ಕಾಣ್ತದೆ, ಒಣಗಿದ ಮೇಲೆ ಅದ್ರ ಮೇಲೆ ಇನ್ನೊಂದು, ಮತ್ತೊಂದು, ಹೀಗೆ ಮೂರ್ನಾಲ್ಕು ಸಲಕ್ಕೆ ಒಳ್ಳೆ ಕೆಂಪು ಕಂದು ಬರ್ತದೆ. ಕಪ್ಪು ಬೇಕಾದ್ರೆ ತುಕ್ಕು ಹಿಡಿದ ನಾಲ್ಕು ಮೊಳೆ ಹುಳಿ ಮಜ್ಜಿಗೆ ನೀರಲ್ಲಿ ಒಂದು ವಾರ ಹಾಕಿಡಿ, ಆ ನೀರು ಎರಡು ಹನಿ ಚೊಗರಿಗೆ ಬಿಟ್ರೆ ಕಣ್ಣೆದ್ರಿಗೇ ಹಸಿರು ಛಾಯೆಯ ಕಪ್ಪಾಗ್ತದೆ. ಚೊಗರಲ್ಲಿರೋ ಒಗರಿಗೆ ಕಬ್ಬಿಣ ಸೇರಿದ್ರೆ ಹಾಗೆ. ಜಾಸ್ತಿ ಹಾಕ್ಬೇಡಿ, ಕಬ್ಬಿಣ ಹೆಚ್ಚಾದ್ರೆ ವರ್ಷ ಕಳೆದ ಹಾಗೆ ಕಾಗದ ಪುಡಿ ಆಗ್ತದೆ. ಸೋಸಿದ್ದು ಮಳೆಗಾಲದಲ್ಲಿ ಬೇಗ ಬೂಷ್ಟು ಹಿಡೀತದೆ, ದಿನಕ್ಕೆ ಬೇಕಾದಷ್ಟೇ ಕದಡ್ಕೊಳ್ಳಿ.

ಮಂಡಗದ್ದೆ_ಹಕ್ಕಿ:

ಇವತ್ತಿಗೆ ಹತ್ತೊಂಬತ್ತು ದಿನ, ನಡುವೆ ಎರಡು ದಿನ ತಪ್ಪಿದೆ, ದನ ಕರು ಹಾಕಿತ್ತು. ಎಲ್ಲವೂ ಗೊರಬಿನದ್ದೇ, ಮಗಳ ಹೋದ ವರ್ಷದ ಗಣಿತದ ನೋಟ್ಸಿನ ಹಿಂದಿನ ಪುಟಗಳಲ್ಲಿ. ಗೊರಬಿಗೆ ಬೆನ್ನಿನ ಕಡೆ ಒಂದು ಉಬ್ಬು ಇದೆ, ದಿನಾ ಅದ್ರ ಕೆಳಗಿಂದ ಹಾದು ಹೋಗ್ತಿದ್ರೂ ನಾನು ಅದನ್ನ ನೋಡೇ ಇರ್ಲಿಲ್ಲ, ಮಾವ ಬಗ್ಗಿ ನಾಟಿ ಮಾಡ್ತಿದ್ದ ಬೆನ್ನೇ ಅಲ್ಲಿ ಉಳ್ಕೊಂಡ ಹಾಗಿದೆ. ಮಾವ ತೀರ್ಕೊಂಡು ಆರು ವರ್ಷ ಆಯ್ತು. ನಮ್ಮನೆಯವ್ರು ನಿನ್ನೆ ಪುಸ್ತಕ ತಿರುವಿ ನೋಡಿ ಏನೂ ಮಾತಾಡದೆ ಹೋಗಿ ಗೊರಬಿನ ಧೂಳು ಒರೆಸಿ ಮತ್ತೆ ಅದೇ ಮೊಳೆಗೆ ಹಾಕಿದ್ರು.

ಚೊಗರು ಮಾಡ್ಕೊಂಡೆ, ಭೀಮನಕೋಣೆಯವ್ರೆ ತುಂಬಾ ಉಪಕಾರ ಆಯ್ತು. ಮೂರನೇ ಸಲ ಹಚ್ಚಿದಾಗ ಎಲೆಯ ಬಣ್ಣ ಹಾಗೇ ಬಂತು, ನಾನು ಅಂಗಡಿ ಬಣ್ಣದಲ್ಲಿ ಎಷ್ಟು ಕಲಸಿದ್ರೂ ಬರದೆ ಇದ್ದಿದ್ದು. ಮಗಳೂ ಪಕ್ಕ ಕೂತು ಒಂದು ಬಿಡಿಸಿದ್ದಾಳೆ. ಹೊರಗೆ ಮಳೆ ಬಿಟ್ಟಿಲ್ಲ, ನಾಲ್ಕನೇ ಸಲದ್ದು ಇನ್ನೂ ಹಸಿ ಇದೆ, ಎರಡನ್ನೂ ಬಚ್ಚಲೊಲೆ ಕಟ್ಟೆ ಮೇಲೆ ಒರಗಿಸಿ ಇಟ್ಟಿದೀನಿ.