ಡ್ರೂಲ್ಸ್ ತೆವಳುತ್ತಿದೆ, ಎಲ್ಲಿಂದ ಹುಡುಕಲಿ?

ಪ್ರಶ್ನೆ: ಸಾಲದ ಅರ್ಜಿಗಳ ಪರಿಶೀಲನೆಗೆ ಡ್ರೂಲ್ಸ್ 7 (ನಾವು ಬರೆದಿಟ್ಟ ನಿಯಮಗಳನ್ನು, ಅಂದರೆ ರೂಲ್‌ಗಳನ್ನು, ಡೇಟಾ ಮೇಲೆ ಓಡಿಸುವ ಜಾವಾ ಎಂಜಿನ್) ಬಳಸುತ್ತಿದ್ದೇವೆ. ಟೆಸ್ಟಿಂಗ್‌ನಲ್ಲಿ ಸರಾಗವಾಗಿ ಓಡುತ್ತಿತ್ತು. ಪ್ರೊಡಕ್ಷನ್‌ನಲ್ಲಿ ಡೇಟಾ ಜಾಸ್ತಿ ಆದ ಹಾಗೆಲ್ಲ ನಿಧಾನ. ದೊಡ್ಡ ಸರ್ವರ್ ಹಾಕಿದರೂ ಅಷ್ಟಕ್ಕಷ್ಟೇ. ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಉತ್ತರ 1: ಸಮಯ ಹೋಗುತ್ತಿರುವುದು ರೂಲ್ಸ್ ಕಂಪೈಲ್ ಆಗುವುದರಲ್ಲೋ, ಓಡುವುದರಲ್ಲೋ? ಮೊದಲು ಅದನ್ನು ಬೇರೆ ಮಾಡಿ ಅಳೆಯಿರಿ. ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಕಂಪೈಲ್ ಮಾಡುವ ಕೋಡ್ ಬಹಳ ಕಡೆ ಇದೆ. ಕಂಪೈಲ್ ಆದ ರೂಲ್‌ಗಳನ್ನು ಇಟ್ಟುಕೊಳ್ಳುವ ಕೀ ಕಂಟೇನರ್ (KieContainer) ಅನ್ನು ಸರ್ವರ್ ಶುರುವಾದಾಗ ಒಮ್ಮೆ ಕಟ್ಟಿಟ್ಟರೆ ಸಾಕು. ಡೇಟಾ ಹಾಕಿ ರೂಲ್‌ಗಳನ್ನು ಓಡಿಸುವ ಸೆಷನ್ ತೆರೆಯುವುದಕ್ಕೆ ಹೆಚ್ಚು ಖರ್ಚಿಲ್ಲ, ಆದರೆ ಕೆಲಸ ಮುಗಿದ ಮೇಲೆ ಡಿಸ್ಪೋಸ್ ಮಾಡಿ ಮುಚ್ಚಲೇಬೇಕು. ಇಲ್ಲದಿದ್ದರೆ ಮೆಮೊರಿ ತುಂಬುತ್ತಾ ಹೋಗುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದನ್ನು ನೋಡಿಬಿಡಿ. ಆದರೆ ಡೇಟಾ ಬೆಳೆದ ಹಾಗೆ ನಿಧಾನ ಅಂದಿರಲ್ಲ, ನನ್ನ ಅನುಮಾನ ಜಾಯಿನ್ ಮೇಲೆ, ಅಂದರೆ ಎರಡು ಬಗೆಯ ಡೇಟಾವನ್ನು ಜೋಡಿಸಿ ನೋಡುವ ಕಡೆ. ನಮ್ಮಲ್ಲಿ ಒಂದು ರೂಲ್ ಹೀಗಿತ್ತು: ಒಬ್ಬ ಗ್ರಾಹಕ, ಒಂದು ವಹಿವಾಟು, ಕೊನೆಗೆ ಎರಡರ ಗ್ರಾಹಕ ಸಂಖ್ಯೆಯೂ ಒಂದೇನಾ ಅಂತ ಇವಲ್‌ನಲ್ಲಿ (eval, ಷರತ್ತನ್ನು ಬಿಡಿ ಕೋಡ್ ಆಗಿ ಬರೆಯುವ ಜಾಗ) ಪರೀಕ್ಷೆ. ಉತ್ತರ ಸರಿಯಾಗಿಯೇ ಬರುತ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಇವಲ್ ಒಳಗಿನದನ್ನು ಎಂಜಿನ್ ಇಂಡೆಕ್ಸ್ ಮಾಡುವುದಿಲ್ಲ, ಅಂದರೆ ಬೇಗ ಹುಡುಕಲು ವಿಂಗಡಿಸಿ ಇಟ್ಟುಕೊಳ್ಳುವುದಿಲ್ಲ. 2,000 ಗ್ರಾಹಕರು, 5,000 ವಹಿವಾಟು ಇದ್ದರೆ 1 ಕೋಟಿ ಜೋಡಿಗಳನ್ನು ಒಂದೊಂದಾಗಿ ನೋಡುತ್ತದೆ. ಎರಡೂ ದುಪ್ಪಟ್ಟಾದರೆ ಜೋಡಿಗಳು ನಾಲ್ಕು ಪಟ್ಟು. ಇದಕ್ಕೆ ಯಾವ ಸರ್ವರ್ ಸಾಕಾಗುತ್ತದೆ ಹೇಳಿ? ಅದೇ ಹೋಲಿಕೆಯನ್ನು ವಹಿವಾಟಿನ ಪ್ಯಾಟರ್ನ್ (ಎಂಥ ವಹಿವಾಟು ಬೇಕು ಅಂತ ಹೇಳುವ ಸಾಲು) ಒಳಗೇ ಸಮ ಚಿಹ್ನೆ (==) ಹಾಕಿ ಬರೆದರೆ ಹ್ಯಾಶ್ ಇಂಡೆಕ್ಸ್ ಸಿಗುತ್ತದೆ. ಆಗ ಆಯಾ ಗ್ರಾಹಕರ ವಹಿವಾಟುಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ಇನ್ನೊಂದು, ಹೆಚ್ಚು ಜನರನ್ನು ಸೋಸಿ ತೆಗೆಯುವ ಷರತ್ತು ರೂಲ್‌ನಲ್ಲಿ ಮೊದಲು ಬರಲಿ.

ಉತ್ತರ 3: ಲೂಪ್ ಇದೆಯಾ, ಅಂದರೆ ಅದೇ ರೂಲ್‌ಗಳು ಮತ್ತೆ ಮತ್ತೆ ಓಡುತ್ತಿವೆಯಾ ಅಂತಲೂ ನೋಡಿ. ರೂಲ್ ಓಡಿದಾಗೆಲ್ಲ ನಮ್ಮ ಕೋಡ್‌ಗೆ ತಿಳಿಸುವ ಅಜೆಂಡಾ ಇವೆಂಟ್ ಲಿಸನರ್ ಒಂದನ್ನು ಸೇರಿಸಿ, ಯಾವ ರೂಲ್ ಎಷ್ಟು ಸಲ ಫೈರ್ ಆಯಿತು (ಓಡಿತು) ಅಂತ ಹೆಸರಿನ ಮುಂದೆ ಲೆಕ್ಕ ಇಡಿ. ಎರಡು ರೂಲ್‌ಗಳ ಲೆಕ್ಕ ಮಾತ್ರ ಒಟ್ಟಿಗೆ ಏರುತ್ತಿದ್ದರೆ, ಒಂದನ್ನೊಂದು ಎಬ್ಬಿಸುತ್ತಿವೆಯಾ ಅಂತ ಪರೀಕ್ಷಿಸಿ. ರೂಲ್‌ಗೆ ಹಾಕುವ ನೋ-ಲೂಪ್ ಆಯ್ಕೆ ಇದನ್ನು ತಡೆಯುವುದಿಲ್ಲ, ಅದು ರೂಲ್ ತನ್ನನ್ನು ತಾನೇ ಎಬ್ಬಿಸದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ನಾನಾದರೆ ಡೇಟಾ ಬದಲಾಯಿತು ಅಂತ ಎಂಜಿನ್‌ಗೆ ತಿಳಿಸುವ ಮಾಡಿಫೈ ಬ್ಲಾಕ್ ಬಳಸಿ ಬೇಕಾದ ಫೀಲ್ಡ್ ಮಾತ್ರ ಬದಲಿಸುತ್ತೇನೆ. ಆ ಫೀಲ್ಡ್ ನೋಡದ ರೂಲ್‌ಗಳು ಸುಮ್ನೆ ಮತ್ತೆ ಪರೀಕ್ಷೆಗೆ ಬರುವುದಿಲ್ಲ.

ಎಣಿಕೆ ಸಿಕ್ಕ ಮೇಲೆ, ಅನುಮಾನ ಇರುವ ರೂಲ್‌ನ ವೆನ್ ಭಾಗವನ್ನು (when, ಷರತ್ತುಗಳಿರುವ ಭಾಗ) ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.