1.65 ಲಕ್ಷದ ಕ್ಯಾಮೆರಾ ಮಾರಾಟ: ದುಡ್ಡು ಯಾವ ದಾರಿಯಲ್ಲಿ ತಗೊಂಡರೆ ಸೇಫ್?

ಬೆಣ್ಣೆನಗರಿ:
ಫುಲ್ ಫ್ರೇಮ್ ಬಾಡಿ, ಜೊತೆಗೊಂದು 70-200 ಲೆನ್ಸ್. ಎರಡೂ ಸೇರಿ 1,65,000ಕ್ಕೆ ಮಾತಾಗಿದೆ. ವಸ್ತು ದಾವಣಗೆರೆಯಲ್ಲಿದೆ. ತಗೊಳ್ಳುವವರು ಬೆಂಗಳೂರಿನವರು, ಜಾಹೀರಾತು ನೋಡಿ ಮೆಸೇಜ್ ಮಾಡಿದವರು, ಮುಖಪರಿಚಯ ಇಲ್ಲ. ಯುಪಿಐನಲ್ಲಿ ದಿನಕ್ಕೆ 1 ಲಕ್ಷ ಅಷ್ಟೇ ಹೋಗೋದು, ಉಳಿದ 65,000 ಸ್ನೇಹಿತನ ಖಾತೆಯಿಂದ ಹಾಕಿಸ್ತೀನಿ, ನೀವು ಬಸ್ ಪಾರ್ಸೆಲ್‌ಗೆ ಹಾಕಿಬಿಡಿ ಅಂತಿದ್ದಾರೆ. ಬೇಡ ಅಂದರೆ ಚೆಕ್, ಡಿಡಿ, ಕ್ಯಾಶ್ ಯಾವುದಾದರೂ ಸರಿಯಂತೆ. ಇವುಗಳಲ್ಲಿ ಅಪಾಯ ಕಡಿಮೆ ಇರೋದು ಯಾವುದು? ಬಲ್ಲವರು ಬಿಡಿಸಿ ಹೇಳಿ.

ಕೌಂಟರ್_3:
ಮೊದಲು ಆ ಸ್ನೇಹಿತನ ಖಾತೆ ವಿಷಯ. ಅದನ್ನು ಖಡಾಖಂಡಿತ ಬೇಡ ಅನ್ನಿ ಸರ್.

ಯುಪಿಐ, ಐಎಂಪಿಎಸ್ (ಖಾತೆಯಿಂದ ಖಾತೆಗೆ ಕೂಡಲೇ ಹೋಗುವ ಬ್ಯಾಂಕ್ ವರ್ಗಾವಣೆ) ದುಡ್ಡು ಒಮ್ಮೆ ಬಂತು ಅಂದರೆ ಕಳಿಸಿದವರು ತಾವಾಗಿ ವಾಪಸ್ ಎಳೆದುಕೊಳ್ಳೋಕೆ ಆಗಲ್ಲ. ಆದ್ದರಿಂದ ಮಾರುವವರು ಗೆದ್ದಂತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಬಂದ ದುಡ್ಡು ಯಾರದ್ದು ಅಂತ ಯಾರೂ ಯೋಚಿಸಲ್ಲ. ಎಲ್ಲೋ ಇನ್ನೊಬ್ಬರನ್ನು ಷೇರು, ಪಾರ್ಟ್‌ಟೈಮ್ ಕೆಲಸ ಅಂತ ನಂಬಿಸಿ, ಅವರ ಕೈಯಿಂದ ನಿಮ್ಮ ಖಾತೆಗೆ ದುಡ್ಡು ಹಾಕಿಸಿ, ನಿಮ್ಮ ಕ್ಯಾಮೆರಾ ಎತ್ತಿಕೊಂಡು ಹೋಗುವವರಿದ್ದಾರೆ. ಮೋಸಹೋದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಮೇಲೆ ಆ ದುಡ್ಡು ಎಲ್ಲೆಲ್ಲಿ ಹೋಯಿತೋ ಆ ಖಾತೆಗಳನ್ನೆಲ್ಲ ಹಿಂಬಾಲಿಸುತ್ತಾರೆ. ನಿಮ್ಮ ಖಾತೆಯಲ್ಲಿ ಅಷ್ಟು ಮೊತ್ತಕ್ಕೆ ಲೀನ್ ಬೀಳುತ್ತದೆ, ಅಂದರೆ ಆ ದುಡ್ಡು ನೀವು ತೆಗೆಯದಂತೆ ತಡೆಹಿಡಿಯುತ್ತಾರೆ, ಕೆಲವು ಸಲ ಇಡೀ ಖಾತೆಯೇ ಫ್ರೀಜ್ ಆಗುತ್ತದೆ. ದೂರು ಬೇರೆ ರಾಜ್ಯದ್ದಾದರೆ ಅಲ್ಲಿನ ತನಿಖಾಧಿಕಾರಿಗೆ ದಾಖಲೆ ಒಪ್ಪಿಸಿ ಬಿಡಿಸಿಕೊಳ್ಳಬೇಕು. ಬ್ರಾಂಚ್ ಮ್ಯಾನೇಜರ್ ಕೈಯಲ್ಲಿ ಏನೂ ಇರಲ್ಲ.

ಅದಕ್ಕೇ ನಿಮ್ಮ ಎದುರು ನಿಂತವರ ಹೆಸರು, ಅವರ ಗುರುತಿನ ಚೀಟಿಯಲ್ಲಿನ ಹೆಸರು, ಸ್ಟೇಟ್‌ಮೆಂಟ್‌ನಲ್ಲಿ ದುಡ್ಡು ಕಳಿಸಿದವರ ಹೆಸರು ಮೂರೂ ಒಂದೇ ಇರಬೇಕು. ಹೆಂಡತಿ ಖಾತೆ, ಅಣ್ಣನ ಖಾತೆ ಅಂದರೂ ಒಪ್ಪಬೇಡಿ. ಅವರೇ ಖುದ್ದಾಗಿ ಬಂದರೆ ಸರಿ.

1 ಲಕ್ಷದ ಮಿತಿ ನಿಜ, ಆದರೆ ಅದು ನೆಪವಾಗಬೇಕಿಲ್ಲ. ಐಎಂಪಿಎಸ್‌ನಲ್ಲಿ 5 ಲಕ್ಷದವರೆಗೆ ಹೋಗುತ್ತದೆ. ಇನ್ನೊಂದು ಬ್ಯಾಂಕ್ ವರ್ಗಾವಣೆ ನೆಫ್ಟ್ 2019ರ ಡಿಸೆಂಬರ್‌ನಿಂದ ಭಾನುವಾರವೂ ಸೇರಿ 24 ಗಂಟೆ ನಡೆಯುತ್ತದೆ, ಅರ್ಧ ಗಂಟೆಗೊಂದು ಬ್ಯಾಚ್. ದೊಡ್ಡ ಮೊತ್ತಕ್ಕಿರುವ ಆರ್‌ಟಿಜಿಎಸ್ 2 ಲಕ್ಷದಿಂದ ಶುರು, ನಿಮಗೆ ಬರಲ್ಲ. ಒಂದು ಕಡೆ ಎಡವುತ್ತಾರೆ: ಹೊಸ ಬೆನಿಫಿಶಿಯರಿ (ದುಡ್ಡು ಪಡೆಯುವವರ ಖಾತೆ) ಸೇರಿಸಿದ ಮೊದಲ 24 ಗಂಟೆ ಬಹಳ ಬ್ಯಾಂಕ್‌ಗಳು ಸಣ್ಣ ಮೊತ್ತ ಮಾತ್ರ ಬಿಡುತ್ತವೆ. ವಸ್ತು ಎದುರಿಗಿಟ್ಟುಕೊಂಡು ಇದು ಗೊತ್ತಾದರೆ ಇಬ್ಬರಿಗೂ ಕಷ್ಟ. ಎರಡು ದಿನ ಮೊದಲೇ ನಿಮ್ಮ ಖಾತೆ ಸೇರಿಸಿ 1 ರೂಪಾಯಿ ಕಳಿಸಲು ಹೇಳಿ. ಕಳಿಸಿದವರ ಹೆಸರೂ ಅಲ್ಲೇ ಗೊತ್ತಾಗುತ್ತದೆ.

ಹಳೇಲೆನ್ಸ್:
ಚೆಕ್, ಡಿಡಿ, ಕ್ಯಾಶ್ ಬಗ್ಗೆ ನಾನು ಹೇಳ್ತೀನಿ.

ಚೆಕ್‌ನ ಹಳೇ ಆಟ ಇದು: ಶುಕ್ರವಾರ ಸಂಜೆ ನಿಮ್ಮ ಖಾತೆಗೆ ಚೆಕ್ ಕಟ್ಟಿ, ಸೀಲು ಬಿದ್ದ ಚಲನ್ ಫೋಟೊ ಕಳಿಸಿ, ಕಟ್ಟಿದ್ದೀನಿ ಸಾಮಾನು ಕಳಿಸಿ ಅನ್ನೋದು. ಚಲನ್ ಅಂದರೆ ಕಾಗದ ಬಂದಿದೆ ಅಂತ ಅಷ್ಟೇ, ದುಡ್ಡು ಬಂದಿದೆ ಅಂತಲ್ಲ. 2025ರ ಅಕ್ಟೋಬರ್ 4ರಿಂದ ಸಿಟಿಎಸ್ (ಚೆಕ್‌ನ ಚಿತ್ರ ಕಳಿಸಿ ಕ್ಲಿಯರ್ ಮಾಡುವ ಪದ್ಧತಿ) ಚೆಕ್ ಅವತ್ತೇ ಕ್ಲಿಯರ್ ಆಗುವ ವ್ಯವಸ್ಥೆ ಬಂದಿದೆ ನಿಜ, ಆದರೆ ಅವತ್ತೇ ಬೌನ್ಸ್ ಕೂಡ ಆಗಬಹುದು. ಬೌನ್ಸ್ ಆದರೆ 30 ದಿನದೊಳಗೆ ಲಿಖಿತ ನೋಟಿಸ್, ಅವರಿಗೆ ನೋಟಿಸ್ ಮುಟ್ಟಿದ ಮೇಲೆ 15 ದಿನ ಗಡುವು, ಅದು ಮುಗಿದು ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಒಂದು ಕ್ಯಾಮೆರಾಗೆ ಇಷ್ಟು ಅಲೆದಾಟ ಬೇಕಾ?

ಡಿಡಿ ಅಂದರೆ ಕ್ಯಾಶ್‌ಗೆ ಸಮ ಅನ್ನುವ ನಂಬಿಕೆಯೇ ಅಪಾಯ. ಕಲರ್ ಪ್ರಿಂಟ್ ಡಿಡಿ ಕೈಯಲ್ಲಿ ಹಿಡಿದರೆ ಗೊತ್ತೇ ಆಗಲ್ಲ. 2018ರ ಸೆಪ್ಟೆಂಬರ್ 15ರಿಂದ ಮಾಡಿಸಿದವರ ಹೆಸರೂ ಡಿಡಿ ಮೇಲೆ ಇರಬೇಕು, ಇಲ್ಲದಿದ್ದರೆ ಮುಟ್ಟಬೇಡಿ. ಇದ್ದರೂ, ಖಾತೆಗೆ ಜಮಾ ಆಗುವವರೆಗೆ ಕ್ಯಾಮೆರಾ ನಿಮ್ಮ ಹತ್ತಿರವೇ ಇರಲಿ.

ಕ್ಯಾಶ್‌ಗೆ ನನ್ನ ಓಟು, ಆದರೆ ಪಾರ್ಕಿಂಗ್ ಜಾಗದಲ್ಲಿ ಅಲ್ಲ, ನಿಮ್ಮ ಬ್ಯಾಂಕ್ ಬ್ರಾಂಚ್ ಒಳಗೆ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ತಗೊಂಡರೆ ತಗೊಂಡವರಿಗೇ ಅಷ್ಟೇ ಮೊತ್ತದ ದಂಡ. ಕಂತು ಮಾಡಿದರೂ ತಪ್ಪಿಸಿಕೊಳ್ಳೋಕೆ ಆಗಲ್ಲ. ನಿಮ್ಮದು 1.65, ಹಾಗಾಗಿ ತೊಂದರೆಯಿಲ್ಲ. ಜಮೆಗೆ ಬ್ಯಾಂಕ್ ಪ್ಯಾನ್ ಕೇಳಬಹುದು, ಒಯ್ಯಿರಿ. 500ರ ನೋಟು 330 ಆಗುತ್ತದೆ. ಕ್ಯಾಷಿಯರ್ ಯಂತ್ರಕ್ಕೆ ಹಾಕುವಾಗ ಅವರೂ ಪಕ್ಕದಲ್ಲೇ ನಿಂತಿರಲಿ. ಖೋಟಾ ನೋಟು ಸಿಕ್ಕರೆ ಬ್ಯಾಂಕ್ ಅದಕ್ಕೆ ಮುದ್ರೆ ಹೊಡೆದು ಇಟ್ಟುಕೊಳ್ಳುತ್ತದೆ, ಬದಲಿ ಕೊಡಲ್ಲ. ಒಂದೇ ಸಲಕ್ಕೆ 5 ಅಥವಾ ಹೆಚ್ಚು ಸಿಕ್ಕರೆ ಪೊಲೀಸರಿಗೆ ಹೋಗುತ್ತದೆ, ಆಗ ಜಮೆ ಮಾಡಿದವರು ನೀವಾಗಿರುತ್ತೀರಿ. ನೋಟು ಅವರ ಕೈಯಿಂದಲೇ ಕೌಂಟರ್‌ಗೆ ಹೋಗಲಿ ಅನ್ನೋದು ಅದಕ್ಕೇ.

ಬೆಣ್ಣೆನಗರಿ:
ತುಂಬಾ ಉಪಕಾರ. ದುಡ್ಡು ಬಂದಿದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ? ಸ್ಕ್ರೀನ್‌ಶಾಟ್ ಕಳಿಸ್ತೀನಿ ಅಂತಿದ್ದಾರೆ.

ಕೌಂಟರ್_3:
ಸ್ಕ್ರೀನ್‌ಶಾಟ್‌ಗೆ ಬೆಲೆಯೇ ಇಲ್ಲ. ಹಸಿರು ಟಿಕ್, ಟಿಂಗ್ ಅನ್ನೋ ಸದ್ದು ಎಲ್ಲ ಬರುವ ನಕಲಿ ಆಪ್‌ಗಳಿವೆ. 10 ಅಂಕಿಯ ಮೊಬೈಲ್ ನಂಬರಿನಿಂದ 'ಕ್ರೆಡಿಟ್ ಆಗಿದೆ' ಅಂತ ಎಸ್ಎಂಎಸ್ ಬಂದರೆ ಅದು ಬ್ಯಾಂಕಿನದಲ್ಲ. ನಿಮ್ಮ ಬ್ಯಾಂಕ್ ಆಪ್ ತೆರೆದು, ಸ್ಟೇಟ್‌ಮೆಂಟ್‌ನಲ್ಲಿ ಆ ಎಂಟ್ರಿ, ಅವರ ಹೆಸರು, ಯುಟಿಆರ್ ನಂಬರ್ (ಪ್ರತಿ ವರ್ಗಾವಣೆಗೂ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ಹೆಚ್ಚಾದ ಬ್ಯಾಲೆನ್ಸ್ ನೋಡಿ. ದುಡ್ಡು ತಗೊಳ್ಳೋಕೆ ಪಿನ್ ಹಾಕುವ, ಕ್ಯೂಆರ್ ಸ್ಕ್ಯಾನ್ ಮಾಡುವ ಅಗತ್ಯ ಎಂದೂ ಇಲ್ಲ. ಹಾಗೆ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಶಟರ್‌ಸದ್ದು:
ತಗೊಳ್ಳುವವರ ಕಡೆಯಿಂದಲೂ ಯೋಚಿಸಬೇಕಲ್ಲ. ನೋಡದೆ 1.65 ಲಕ್ಷ ಹಾಕಿ ಅನ್ನೋದೂ ನ್ಯಾಯವಲ್ಲ. ಅವರು ಒಪ್ಪಿ ಪಿನ್ ಹಾಕಿ ಕಳಿಸಿದ ದುಡ್ಡಿಗೆ, ಡಬ್ಬದಲ್ಲಿ ಇಟ್ಟಿಗೆ ಬಂದರೂ, ಕ್ರೆಡಿಟ್ ಕಾರ್ಡಿನ ಹಾಗೆ ಚಾರ್ಜ್‌ಬ್ಯಾಕ್ (ತಕರಾರು ಹೇಳಿ ಬ್ಯಾಂಕ್ ಮೂಲಕ ದುಡ್ಡು ವಾಪಸ್ ಪಡೆಯೋದು) ಸಿಗಲ್ಲ. ಅದೇ ಕಾರಣಕ್ಕೆ ಅವರು ಕಾರ್ಡ್ ಲಿಂಕ್‌ನಲ್ಲಿ ಕೊಡ್ತೀನಿ ಅಂದರೆ ನೀವು ಒಪ್ಪಬೇಡಿ. ಚಾರ್ಜ್‌ಬ್ಯಾಕ್ ವಾರಗಳ ನಂತರವೂ ಬರಬಹುದು, ಅಷ್ಟರಲ್ಲಿ ಕ್ಯಾಮೆರಾ ಕೈಬಿಟ್ಟಿರುತ್ತದೆ.

ಪಾರ್ಸೆಲ್ ಬಿಟ್ಟು ಮುಖಾಮುಖಿ ಮಾಡಿ. ಟೋಕನ್ 1,000 ಸಾಕು. ಬಾಡಿ, ಲೆನ್ಸ್ ಎರಡರ ಸೀರಿಯಲ್ ನಂಬರ್ ಬಿಲ್ಲಿಗೆ ತಾಳೆಯಾಗುತ್ತಾ, ಶಟರ್ ಕೌಂಟ್ (ಈವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನೋ ಲೆಕ್ಕ) ಎಷ್ಟು, ಟಾರ್ಚ್ ಬಿಟ್ಟರೆ ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಕಾಣುತ್ತಾ ಅಂತ ಅವರು ನಿಧಾನವಾಗಿ ನೋಡಲಿ. ಇಎಂಐ ಬಾಕಿ ಇದ್ದರೆ ಮೊದಲೇ ಹೇಳಿ. ಎರಡು ಪ್ರತಿ ಮಾರಾಟ ಪತ್ರ ಬರೆದು, ಸೀರಿಯಲ್ ನಂಬರ್, ಯುಟಿಆರ್, ಸಮಯ, ಇಬ್ಬರ ಸಹಿ ಹಾಕಿ. ನಾಳೆ ಖಾತೆಗೆ ಲೀನ್ ಬಿದ್ದರೆ ತನಿಖಾಧಿಕಾರಿಗೆ ಮೊದಲು ತೋರಿಸುವ ಕಾಗದ ಅದೇ.

ಬೆಣ್ಣೆನಗರಿ:
ಅವರಿಗೆ ಹೀಗೆ ಕಳಿಸ್ತಿದ್ದೀನಿ: 'ಶನಿವಾರ 11ಕ್ಕೆ ದಾವಣಗೆರೆಯಲ್ಲಿ ನಮ್ಮ ಬ್ಯಾಂಕ್ ಹತ್ತಿರ ಬನ್ನಿ, ಕ್ಯಾಮೆರಾ ಪೂರ್ತಿ ಪರೀಕ್ಷೆ ಮಾಡಿ. ದುಡ್ಡು ನಿಮ್ಮ ಹೆಸರಿನ ಖಾತೆಯಿಂದ ಐಎಂಪಿಎಸ್, ಇಲ್ಲವೇ ಕೌಂಟರ್‌ನಲ್ಲಿ ನಗದು. ಐಎಂಪಿಎಸ್ ಆದರೆ ನನ್ನ ಖಾತೆಯನ್ನು ಇವತ್ತೇ ಸೇರಿಸಿ 1 ರೂಪಾಯಿ ಹಾಕಿ.' ಸರಿಯಿದೆಯಾ?

ಕೌಂಟರ್_3:
ಸರಿಯಿದೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜೆ, ಕ್ಯಾಲೆಂಡರ್ ನೋಡಿಕೊಳ್ಳಿ. ಹೆಸರನ್ನು ಪಾಸ್‌ಬುಕ್‌ನಲ್ಲಿ ಇದ್ದಂತೆಯೇ ಇನಿಶಿಯಲ್ ಸಮೇತ ಕಳಿಸಿ.